ಎಬ್ಬಿಸಣ್ಣ

ಗಡಿಯ ಗೇಟಿನ ಮುಂದೆ ಮೈಲಿಗಟ್ಟಲೆ ನಿಲ್ಲುತ್ತಿದ್ದ ಲಾರಿಗಳ ಸಾಲು ಸರಿದಾಗಲೆಲ್ಲ ನಿದ್ದೆಹೋದ ಡ್ರೈವರುಗಳನ್ನು ಎಬ್ಬಿಸುವುದೇ ಎಬ್ಬಿಸಣ್ಣನ ಕಸುಬಾಗಿತ್ತು. ಯಾರು ಬಾಗಿಲು ತಟ್ಟಿದರೆ ಏಳುತ್ತಾರೆ, ಯಾರ ಮುಖಕ್ಕೆ ನೀರೇ ಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. “ಏಳಪ್ಪಾ ಅಳಿಯದೇವರೇ, ಮಾವನ ಮನೆ ಅಂದ್ಕೊಂಡ್ಯಾ?” ಎಂದು ಅವನು ಕೂಗಿದರೆ ಹತ್ತು ಲಾರಿಗಳಾಚೆ ಮಲಗಿದವನೂ ಬೆಚ್ಚಿ ಇಂಜಿನ್ ಶುರುಮಾಡುತ್ತಿದ್ದ. “ಅಣ್ಣಾ, ಇನ್ನೈದೇ ನಿಮಿಷ” ಎಂದವನ ಹೊದಿಕೆ ಎಳೆದು ಮಡಚಿಟ್ಟೇ ಮುಂದೆ ಹೋಗುವನು. ಆಮೇಲೆ ಎರಡೂ ದೇಶಗಳು ಸರಕಿನ ಮೇಲಿನ ಸುಂಕ ತೆಗೆದವು, ಗೇಟು ಕಿತ್ತು ಅಗಲವಾದ ರಸ್ತೆ ಹಾಕಿದರು, ಲಾರಿಗಳು ನಿಲ್ಲದೆ ಹಾದುಹೋಗತೊಡಗಿದವು. ಈಗ ಅವನು ರಸ್ತೆಯ ಬದಿ ನಿಂತು ಗುರುತಿನ ಲಾರಿಗಳಿಗೆ ಕೈ ಎತ್ತುತ್ತಾನೆ. ಅವನು ಕೈ ಎತ್ತುವಷ್ಟರಲ್ಲಿ ಅವು ದಾಟಿರುತ್ತವೆ. “ನಮ್ಮ ಹೊಟ್ಟೆ ಮೇಲೆ ಹೊಡೆದ ಈ ರಸ್ತೆ ಹಾಳಾಗ್ಲಿ” ಎಂದು ಹೆಂಡತಿ ಶಪಿಸಿದರೆ ಮಾತ್ರ ಅವನಿಗೆ ತಡೆಯದು. “ಬಿಡ್ತು ಅನ್ನೇ” ಎನ್ನುತ್ತಾನೆ. ಗೇಟು ಇದ್ದ ಕಾಲದಲ್ಲಿ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದ ಡ್ರೈವರನೊಬ್ಬನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೂತಿದ್ದ. ಸಾಲಿನ ಕೊನೆಯಲ್ಲಿ ದಾರಿ ಸಿಗದೆ ಆಂಬುಲೆನ್ಸ್ ಒಂದು ಗಂಟೆ ಕೂಗಿ ಕೂಗಿ ಸುಮ್ಮನಾಗಿತ್ತು. “ನನ್ನ ಕೆಲಸ ಆವತ್ತಿಗಿಂತ ಮುಂಚೆನೇ ಹೋಗಬೇಕಿತ್ತು ಕಣೇ.”