ಜಾಲಾರಿಗೆ ಬಳಿದ ಸುಣ್ಣ

ಮೇಲಿನಿಂದ ನೋಡಿದರೆ ನೀಲಗಿರಿ ತೋಪೂ ಹಸಿರು, ನಮ್ಮ ಕಾಡಿನ ಜಾಲಾರಿ ಮರವೂ ಹಸಿರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಹಾಗೆ ಹಸಿರೆಲ್ಲ ಕಾಡಲ್ಲ. ಉಪಗ್ರಹದ ಚಿತ್ರವನ್ನು ಕಂಪ್ಯೂಟರಿನಲ್ಲಿ ಹರಡಿಕೊಂಡು, ಗುಡ್ಡಕ್ಕೆ ಹೋಗಿ ಕಣ್ಣಾರೆ ನೋಡಿ, ಯಾವ ಮರ ಎಲ್ಲಿದೆಯೆಂದು ನಕ್ಷೆಯಲ್ಲಿ ಗುರುತು ಹಾಕುವುದು ನನ್ನ ಹೊಟ್ಟೆಪಾಡು. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಅಲೆದರೂ ಬೀಜ ಕೊಡುವಷ್ಟು ಬೆಳೆದ ಜಾಲಾರಿ ನನಗೆ ಸಿಕ್ಕಿದ್ದು ಒಂದೇ. ಅದೂ ಸಾದಲಿಯಾಚೆ, ನನ್ನ ಸೋದರತ್ತೆಯ ಊರಿನ ಗುಡ್ಡದಲ್ಲಿ.

ಆ ಗುಡ್ಡದ ನೀಲಗಿರಿ ಕಡಿಸಿ, ಅಲ್ಲಿ ಮೊದಲಿದ್ದ ಮರಗಳನ್ನೇ ಮತ್ತೆ ಬೆಳೆಸಬೇಕಿತ್ತು. ಜಾಲಾರಿ ಬೀಜ ಕೂಡಿಡಲು ಬರುವುದಿಲ್ಲ, ಉದುರಿದ ಕೂಡಲೇ ಮಣ್ಣು ಸೇರಬೇಕು. ಅದಕ್ಕೆಂದೇ ಅತ್ತೆ ತನ್ನ ರೇಷ್ಮೆಹುಳು ಮನೆಯ ಪಕ್ಕ ಚೀಲಗಳಿಗೆ ಮಣ್ಣು ತುಂಬಿ ಸಾಲಾಗಿ ಇಟ್ಟಿದ್ದಳು. "ಇದೇನಮ್ಮ ನಮ್ ಮರ?" ಎಂದು ನನ್ನ ಫೋನಿನ ನಕ್ಷೆಯಲ್ಲಿದ್ದ ಚುಕ್ಕೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಾಗ ನಾನು ನಕ್ಕುಬಿಟ್ಟಿದ್ದೆ.

ಕಡಿಯುವವರು ಬರುತ್ತಾರೆಂದಾಗ ಅವಳಿಗೆ ನಕ್ಷೆಯೊಂದನ್ನೇ ನಂಬಿ ಕೂರಲಾಗಲಿಲ್ಲ. ನಮ್ಮ ಕಡೆ ದೇವರ ಮರಕ್ಕೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಾರೆ. ಪಟ್ಟೆ ಕಂಡರೆ ಯಾರೂ ಕೊಡಲಿ ಎತ್ತುವುದಿಲ್ಲ. ಹುಳುಮನೆಯ ಶುಚಿಗೆಂದು ತಂದಿದ್ದ ಸುಣ್ಣವನ್ನೇ ಕಲಸಿಕೊಂಡು ಗುಡ್ಡ ಹತ್ತಿ ಜಾಲಾರಿಯ ಬುಡಕ್ಕೆ ಬಳಿದಳು. ಕೆಮ್ಮಣ್ಣು ಮನೆಯಲ್ಲಿರಲಿಲ್ಲ, ನಾಳೆ ತಂದರಾಯಿತು ಅಂದುಕೊಂಡಳಂತೆ.

ಮರುದಿನ ಗುತ್ತಿಗೆದಾರನ ಆಳುಗಳು ಬಂದರು. ಬೇರೆ ಮರಗಳ ನಡುವೆ ನಿಂತ ನೀಲಗಿರಿಗೆ, ಕಡಿಯಬೇಕೆಂದು ಅವರು ಹಾಕುವ ಗುರುತೂ ಸುಣ್ಣವೇ. ನಾನು ಶಿಡ್ಲಘಟ್ಟದಿಂದ ಹೋಗುವಷ್ಟರಲ್ಲಿ ಜಾಲಾರಿ ನೆಲಕ್ಕೆ ಬಿದ್ದಿತ್ತು. ಕೊಂಬೆಯ ತುಂಬ ಬೀಜ, ಎಲ್ಲವೂ ಎಳೆಯವು, ಮೊಳೆಯುವಂಥವಲ್ಲ.

"ನಕ್ಷೆ ಕಳಿಸಿದ್ನಲ್ರೀ!" ಎಂದು ಗುತ್ತಿಗೆದಾರನ ಮೇಲೆ ಹರಿಹಾಯ್ದೆ.

"ಐತೆ ಮೇಡಂ, ಫೋನಲ್ಲೇ ಐತೆ. ಆಳುಗಳು ಮರ ನೋಡ್ತಾರೆ, ಫೋನ್ ನೋಡ್ತಾರಾ? ಸುಣ್ಣ ಇದ್ರೆ ಕಡೀರಿ ಅಂತ ಹೇಳಿದ್ದೆ."

ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಹಿಂದೆ ತಿರುಗಿದರೆ ಅತ್ತೆ ನಿಂತಿದ್ದಳು, ಕೈಯಲ್ಲಿ ಕೆಮ್ಮಣ್ಣಿನ ಪೊಟ್ಟಣ.

"ನಾನ್ ಸುಣ್ಣ ಬಳೀದೆ ಇದ್ದಿದ್ರೆ ಉಳೀತಿತ್ತೇನಮ್ಮ?"

"ಇಲ್ಲ ಅತ್ತೆ, ಹೆಂಗಿದ್ರೂ ಕಡೀತಿದ್ರು" ಎಂದೆ. ಅವಳು ನಂಬಲಿಲ್ಲ. ನಾನೂ ನಂಬಿರಲಿಲ್ಲ.

ಬುಡ ಚಿಗುರಬಹುದು. ಚಿಗುರು ಮರವಾಗಿ ಬೀಜ ಕಟ್ಟುವ ಹೊತ್ತಿಗೆ ಅತ್ತೆ ಇರುವುದಿಲ್ಲ. ಚೀಲಗಳ ಮಣ್ಣಿನಲ್ಲಿ ಈಗ ಹುಲ್ಲು ಬೆಳೆದಿದೆ. ಊಟವಾದ ಮೇಲೆ ಅವಳಿಗೆ ಎಲೆಅಡಿಕೆ ಬೇಕೇ ಬೇಕು, ಈಗಲೂ ಹಾಕುತ್ತಾಳೆ. ಎಲೆಗೆ ಸುಣ್ಣ ಮಾತ್ರ ಹಚ್ಚುವುದಿಲ್ಲ.