ಹೊಸ ಕೋಚ್ ಮತ್ತು ನನ್ನ ಎರಡು ಕೈಗಳು

ಮೂರು ವರ್ಷದಿಂದ ಶುಕ್ರವಾರದ ಸಂಜೆಗಳಲ್ಲಿ ಮಗನ ಹೈಸ್ಕೂಲಿನ ಮೈದಾನದಲ್ಲಿ, ತಣ್ಣಗೆ ಕೊರೆಯುವ ಅಲ್ಯೂಮಿನಿಯಂ ಬೆಂಚಿನ ಮೇಲೆ ಕೂತು ಅಮೆರಿಕನ್ ಫುಟ್‌ಬಾಲ್ ನೋಡುತ್ತಿದ್ದೇನೆ. ಆದರೂ ಚೆಂಡು ಯಾವಾಗ ಎಲ್ಲಿರುತ್ತದೆ ಎಂಬುದು ನನಗೆ ಇವತ್ತಿಗೂ ತಿಳಿಯುವುದಿಲ್ಲ. ಎಲ್ಲರೂ ಯಾರ ಮೇಲೆ ಹೋಗಿ ಬಿದ್ದರೋ ಅವನ ಹತ್ತಿರ ಇತ್ತು ಎಂದು ಆಮೇಲೆ ಅರ್ಥವಾಗುತ್ತದೆ. ಸುತ್ತಲಿನವರು ಎದ್ದರೆ ನಾನೂ ಏಳುತ್ತೇನೆ. ಅವರು ಉಸಿರು ಬಿಟ್ಟು ಕೂತರೆ ನಾನೂ "ಅಯ್ಯೋ" ಎಂದು ಕೂರುತ್ತೇನೆ. ಪೂಜೆಯಲ್ಲಿ ಮಂತ್ರ ಬಾರದವರು ತುಟಿ ಅಲ್ಲಾಡಿಸುತ್ತಾರಲ್ಲ, ಹಾಗೆ.

ಆದರೆ ಒಂದು ಪಂದ್ಯದಲ್ಲಿ ಕೆಲವೇ ಕೆಲವು ಸಲ, ಕಣ್ಣು ಮಿಟುಕಿಸುವಷ್ಟು ಹೊತ್ತು, ಚೆಂಡು ಎಲ್ಲಿದೆಯೆಂದು ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆಗ ಅದು ನನ್ನ ಮಗ ಚಿರಂತನನ ಕೈಯಲ್ಲಿರುತ್ತದೆ. ನಮ್ಮ ಕಡೆಯವರಿಗೆ ಇನ್ನು ಮುಂದೆ ಹೋಗುವುದು ಆಗದ ಮಾತು ಎನ್ನಿಸಿದಾಗ ಚೆಂಡನ್ನು ಆದಷ್ಟು ದೂರ ಒದ್ದುಬಿಡುತ್ತಾರೆ. ಒದೆಯುವವನು ಬಹಳ ಹಿಂದೆ ನಿಂತಿರುತ್ತಾನೆ. ಅವನಿಗೆ ಚೆಂಡು ತಲುಪಿಸಬೇಕಲ್ಲ? ಅದು ನನ್ನ ಮಗನ ಕೆಲಸ. ಅವನು ಸೊಂಟ ಬಗ್ಗಿಸಿ, ತಲೆ ಕೆಳಗೆ ಮಾಡಿ, ತನ್ನ ಎರಡು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ. ಇದಕ್ಕೆ ಸ್ನ್ಯಾಪ್ ಎನ್ನುತ್ತಾರೆ. ಮೈಸೂರಿನಲ್ಲಿರುವ ನಮ್ಮತ್ತೆಗೆ ವಿಡಿಯೊ ಕಾಲ್‌ನಲ್ಲಿ ಇದನ್ನು ವಿವರಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

"ಹಿಂದಕ್ಕೆ ಎಸೀತಾನಾ? ಬಗ್ಗಿಕೊಂಡು?" ಅಂದರು.

"ಹೂಂ ಅತ್ತೆ."

"ಮುಂದಕ್ಕೆ ಎಸೆಯೋವ್ರು ಬೇರೆ ಇದಾರಾ?"

"ಇದಾರೆ ಅತ್ತೆ."

"ಹೋಗ್ಲಿ ಬಿಡು, ಮುಂದಿನ ವರ್ಷ ಅದನ್ನೂ ಕೊಡ್ತಾರೆ" ಎಂದು ನನ್ನನ್ನೇ ಸಮಾಧಾನ ಮಾಡಿದರು.

ಮುಂದಿನ ವರ್ಷ ಎಂಬ ಮಾತಿಗೆ ಬಂದೆ. ಕಳೆದ ಸೀಸನ್ನಿನ ಕೊನೆಯ ಪಂದ್ಯ ಮುಗಿದ ಮೇಲೆ ನಮ್ಮ ಶಾಲೆಯ ಕೋಚ್ ನಿವೃತ್ತರಾದರು. ಈ ದೇಶದಲ್ಲಿ ಎದುರು ಮನೆಯ ಆರು ವರ್ಷದ ಮಗು ನನ್ನನ್ನು "ಹಾಯ್ ವಸುಧಾ" ಎನ್ನುತ್ತದೆ. ಸೊಸೆ ಮಾವನನ್ನು ಹೆಸರು ಹಿಡಿದು ಕರೆಯುತ್ತಾಳೆ. ನಮ್ಮವರು ಆಫೀಸಿನಲ್ಲಿ ತಮ್ಮ ಬಾಸಿನ ಬಾಸನ್ನು ಬಾಬ್ ಎನ್ನುತ್ತಾರೆ. ಇಂಥ ಊರಿನಲ್ಲಿ ಒಬ್ಬರಿಗೆ ಮಾತ್ರ ಹೆಸರೇ ಇರಲಿಲ್ಲ. ಅಂಗಡಿಯಲ್ಲಿ, ಚರ್ಚಿನ ಮುಂದೆ, ಪೆಟ್ರೋಲು ಹಾಕಿಸುವ ಕಡೆ, ಎಲ್ಲೆಲ್ಲೂ ಅವರು ಬರೀ "ಕೋಚ್". ಒಮ್ಮೆ ಅವರ ಹೆಂಡತಿಯೇ "ಕೋಚ್, ಕಾರಿನ ಕೀ ನಿಮ್ಮ ಹತ್ರ ಇದೆಯಾ?" ಎಂದದ್ದನ್ನು ಕಿವಿಯಾರೆ ಕೇಳಿದ್ದೇನೆ. ನಮ್ಮಮ್ಮ ಕೂಡ ಗಂಡನ ಹೆಸರು ಹೇಳುತ್ತಿರಲಿಲ್ಲವಾದ್ದರಿಂದ, ಅಮೆರಿಕಕ್ಕೆ ಬಂದು ಇಷ್ಟು ವರ್ಷದಲ್ಲಿ ಅವತ್ತು ಒಂದು ಕ್ಷಣ ನನಗೆ ತವರಿನಲ್ಲಿ ನಿಂತ ಹಾಗಾಯಿತು.

ಆ ಹೆಸರಿಲ್ಲದ ಜಾಗ ಖಾಲಿಯಾದಾಗ ಊರು ಕಾಯಲು ಕೂತಿತು. ಆ ಕಾಯುವಿಕೆಯನ್ನು ನೋಡಿಯೇ ನಾನು ಬೆರಗಾದದ್ದು. ಶ್ಯಾಂಟಿಲಿಯ ಆಚೆಗಿನ ನಮ್ಮ ಬಡಾವಣೆಯಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ. ಪಕ್ಕದ ಡಲಸ್ ಏರ್‌ಪೋರ್ಟಿನಿಂದ ವಿಮಾನ ಹತ್ತುವವರು ಹತ್ತುತ್ತಾರೆ, ಕಾಂಟ್ರ್ಯಾಕ್ಟು ಮುಗಿದವರು ಮನೆ ಮಾರಿ ಹೋಗುತ್ತಾರೆ. ಆದರೆ ಆ ಚಳಿಗಾಲ ಮೂಲೆಯ ಚರ್ಚಿನ ಮುಂದಿನ ಫಲಕದಲ್ಲಿ, ಭಾನುವಾರದ ಪ್ರಾರ್ಥನೆಯ ಸಮಯದ ಕೆಳಗೆ, "ನಮ್ಮ ಹೊಸ ಕೋಚ್‌ಗಾಗಿ ಪ್ರಾರ್ಥಿಸಿ" ಎಂದು ಬಂತು. ಕ್ಷೌರದ ಅಂಗಡಿಯಿಂದ ಬಂದ ನಮ್ಮವರು ಹೇರ್‌ಕಟ್ಟಿನ ಜೊತೆಗೆ ಸುದ್ದಿಯನ್ನೂ ತರುತ್ತಿದ್ದರು. ಫೇರ್‌ಫ್ಯಾಕ್ಸ್ ಕಡೆಯವರೊಬ್ಬರಂತೆ, ಅಲ್ಲವಂತೆ, ಅವರಿಗೆ ಮಂಡಿ ನೋವಂತೆ. ಪಕ್ಕದ ಮನೆಯ ಲಿಂಡಾಳ ಮಗ ಆಟ ಬಿಟ್ಟು ಎಷ್ಟೋ ವರ್ಷವಾಗಿ, ಅವನಿಗೇ ಈಗ ಬಕ್ಕತಲೆ. ಆದರೂ ಲಿಂಡಾ ಹಿಮ ಗೋರುತ್ತಾ ಸಲಿಕೆ ನಿಲ್ಲಿಸಿ, "ಏನಾದ್ರೂ ಗೊತ್ತಾಯ್ತಾ?" ಎಂದು ಕಣ್ಣಲ್ಲೇ ಕೇಳುತ್ತಿದ್ದಳು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಇಬ್ಬರೂ ಹಿಮ ಗೋರುವುದನ್ನು ಮುಂದುವರಿಸುತ್ತಿದ್ದೆವು.

ಕನ್ನಡದ ಗೆಳತಿ ಶುಭಾಳಿಗೆ ಇದೆಲ್ಲ ತಮಾಷೆ. "ಅಲ್ವೇ, ನಮ್ಮ ಕನ್ನಡ ಕೂಟದ ಪ್ರೆಸಿಡೆಂಟ್ ಆಗಿ ಅಂತ ಎಲ್ಲರ ಕಾಲು ಹಿಡೀಬೇಕು, ಒಬ್ರೂ ಸಿಗಲ್ಲ. ಇವರು ನೋಡಿದ್ರೆ ದೇವರು ಬರ್ತಾನೇನೋ ಅನ್ನೋ ಹಾಗೆ ಕಾಯ್ತಾರೆ!" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಹಾಸನದ ಕಾನ್ವೆಂಟಿನಲ್ಲಿ ಓದಿದವಳು ನಾನು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಅಲ್ಲಿ ಒಂದೊಂದಾಗಿ ಮೇಣದ ಬತ್ತಿ ಹಚ್ಚುತ್ತಿದ್ದರು. ಬರುವವನು ಇನ್ನೂ ಬಂದಿಲ್ಲ, ಆದರೆ ಬೆಳಕು ಆಗಲೇ ಹೆಚ್ಚುತ್ತಿದೆ. ಕಾಯುವುದೂ ಒಂದು ಕೆಲಸ, ಅದನ್ನು ನೆಟ್ಟಗೆ ಕೂತು ಮಾಡಬೇಕು ಎನ್ನುತ್ತಿದ್ದರು ನಮ್ಮ ಸಿಸ್ಟರ್. ನಮ್ಮ ಪುರಾಣಗಳಲ್ಲಿ ಶಿಷ್ಯ ಕಾಡುಮೇಡು ಅಲೆದು ಗುರುವನ್ನು ಹುಡುಕುತ್ತಾನೆ. ಇಲ್ಲಿ ಇಡೀ ಊರು, ಬಕ್ಕತಲೆಯ ಮಕ್ಕಳ ತಾಯಂದಿರ ಸಮೇತ, ಗುರು ಬರಲಿ ಎಂದು ನೆಟ್ಟಗೆ ಕೂತಿತ್ತು.

ಎಲ್ಲರಿಗಿಂತ ನೆಟ್ಟಗೆ ಕೂತಿದ್ದವನು ಚಿರು. ಬರುವ ವರ್ಷ ಅವನಿಗೆ ಶಾಲೆಯಲ್ಲಿ ಕೊನೆಯದು. ಹಳೆಯ ಕೋಚ್ ಸ್ನ್ಯಾಪ್ ಮಾಡಲೆಂದೇ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದರು. ಎಲ್ಲರೂ ಹಾಗೆ ಇಡುವುದಿಲ್ಲವಂತೆ. ತಂಡದಲ್ಲಿರುವ ದಪ್ಪ ಹುಡುಗರಲ್ಲೇ ಒಬ್ಬನಿಗೆ ಅದನ್ನೂ ವಹಿಸಿಬಿಡುತ್ತಾರಂತೆ. ನನ್ನ ಮಗ ಎಷ್ಟು ತುಪ್ಪ ಬಡಿಸಿದರೂ ಕಡ್ಡಿಯ ಹಾಗಿದ್ದಾನೆ. ಅವನಿಗೆ ಆ ಮೈದಾನದಲ್ಲಿ ಬೇರೆ ಯಾವ ಕೆಲಸವೂ ಬರುವುದಿಲ್ಲ.

"ಅಮ್ಮಾ, ಹೊಸ ಕೋಚ್ ಬೇಡ ಅಂದ್ರೆ, ದಟ್ಸ್ ಇಟ್. ಐ ಹ್ಯಾವ್ ನೋ ಅದರ್ ಸ್ಪಾಟ್" ಎಂದು ಕಾರಿನ ಕಿಟಕಿಯ ಹೊರಗೆ ನೋಡುತ್ತಾ ಹೇಳಿದ. ತಂಡದಲ್ಲಿ ಅವನನ್ನು ಚಕ್ ಎನ್ನುತ್ತಾರೆ. ಚಿರಂತನ ಎಂಬ ಹೆಸರನ್ನು ನಾನೂ ಅವರೂ ಹಂಚಿಕೊಂಡಿದ್ದೇವೆ, ನನಗೆ ಚಿರು ಬೇಕು, ಅವರಿಗೆ ಮೊದಲ ಅಕ್ಷರವೇ ಸಾಕಾಗಿದೆ. ಆ ಚಕ್ ಆಗಿರುವುದು ಅವನಿಗೆ ಎಷ್ಟು ಮುಖ್ಯ ಎಂಬುದು ನನಗೆ ತಿಳಿದದ್ದು ಅವನ ಕಿವಿ ಕೆಂಪಾದಾಗ.

ಹಾಗಾಗಿ ಅವನು ಚಳಿಗಾಲವಿಡೀ ಅಭ್ಯಾಸ ಮಾಡಬೇಕು ಎಂದಾಯಿತು. ಎಸೆಯುವವನು ಇದ್ದಾನೆ, ಹಿಡಿಯುವವರು ಯಾರು? ಮೊದಲ ದಿನ ನಮ್ಮವರು ನಿಂತರು. ಅಮೆರಿಕದ ಫುಟ್‌ಬಾಲ್ ಎಂದರೆ ನೀವು ಮಂಗಳೂರು ಸೌತೆಯನ್ನು ನೆನೆಸಿಕೊಳ್ಳಿ. ಅದೇ ಆಕಾರ, ಸುಮಾರಾಗಿ ಅದೇ ಗಾತ್ರ, ತಿರುಗುತ್ತಾ ಬರುತ್ತದೆ. ಒಂದು ಸ್ನ್ಯಾಪಿಗೆ ಅವರ ಹೆಬ್ಬೆರಳು ಊದಿತು. "ನಂಗೆ ಕೀಬೋರ್ಡ್ ಒತ್ತೋಕೆ ಇರೋದು ಇದೊಂದೇ ಕೈ ಕಣೇ" ಎಂದು ಒಳಗೆ ಹೋದರು.

ಆಮೇಲೆ ನಾನು ನಿಂತೆ. ಓದುಗರಲ್ಲಿ ಹೆಣ್ಣುಮಕ್ಕಳಿದ್ದರೆ, ಅದರಲ್ಲೂ ಕಾನ್ವೆಂಟಿನವರಿದ್ದರೆ, ಮುಂದಿನ ಒಂದು ಪದಕ್ಕೆ ಅವರ ಮುಖ ಅರಳುತ್ತದೆ: ಥ್ರೋಬಾಲ್. ಪ್ರಪಂಚದ ಬೇರೆಲ್ಲೂ ಯಾರೂ ಕೇಳಿಲ್ಲದ, ನಮ್ಮಲ್ಲಿ ಮಾತ್ರ ಹುಡುಗಿಯರೆಲ್ಲ ಆಡಿದ ಆಟ. ಎರಡೂ ಕೈಯಲ್ಲಿ ಒಟ್ಟಿಗೆ ಹಿಡಿಯಬೇಕು, ಮೈಗೆ ತಾಕಿಸಬಾರದು, ಸದ್ದು ಬರಬಾರದು. ಅಂಗೈಗೆ ಚೆಂಡು ಬಿದ್ದ ಸದ್ದಾದರೆ ಫೌಲು. ನಮ್ಮ ಆಟದ ಸಿಸ್ಟರ್ ಬಿಳಿ ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಬಾಯಲ್ಲಿ ವಿಷಲ್ ಇಟ್ಟುಕೊಂಡೇ, "ಹ್ಯಾಂಡ್ಸ್ ಅಪ್, ಗರ್ಲ್ಸ್!" ಎಂದು ಕೂಗುತ್ತಿದ್ದರು. ಕೈ ಹಣೆಯ ಮುಂದೆ, ಬೆರಳು ಬಿಡಿಸಿ, ಹೂವಿಗೆ ಕಾಯುವ ಹಾಗೆ. ನಾನು ಶಾಲೆಯ ತಂಡದಲ್ಲಿದ್ದೆ ಎಂಬುದನ್ನು ಮದುವೆಯಾದ ಮೇಲೆ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಹಿತ್ತಲಿನ ಹುಲ್ಲಿನಲ್ಲಿ, ಸಲ್ವಾರಿನ ಮೇಲೆ ನಮ್ಮವರ ಹಳೆಯ ಜ್ಯಾಕೆಟ್ ಹಾಕಿಕೊಂಡು, ಕೈ ಎತ್ತಿ ನಿಂತೆ. ಚಿರು ಬಗ್ಗಿದ. ಮಂಗಳೂರು ಸೌತೆ ಗುಂಯ್ ಎಂದು ಬಂತು. ನನ್ನ ಬೆರಳುಗಳಿಗೆ ಎಲ್ಲ ನೆನಪಿತ್ತು. ಅವನು ತಲೆಕೆಳಗಾಗಿಯೇ, ಕಾಲುಗಳ ನಡುವಿನಿಂದ, ನನ್ನನ್ನು ನೋಡಿದ.

"ಅಮ್ಮಾ! ಸೌಂಡೇ ಬರ್ಲಿಲ್ಲ! ಹೌ ಡಿಡ್ ಯು ಡೂ ದಟ್?"

ಅಲ್ಲಿಂದ ಶುರುವಾಯಿತು. ಅನ್ನ ಕುಕ್ಕರಿಗೆ ಇಟ್ಟು ಬಂದು ಹಿಡಿದೆ, ಒಗ್ಗರಣೆ ಹಾಕಿ ಬಂದು ಹಿಡಿದೆ. ಅವನು ವಾರದಿಂದ ವಾರಕ್ಕೆ ಜೋರಾಗುತ್ತಿದ್ದ, ನಾನು ಎತ್ತಿದ ಕೈಗೇ ಸರಿಯಾಗಿ ತಂದು ಹಾಕುತ್ತಿದ್ದ. ಲಿಂಡಾ ಬೇಲಿಯಾಚೆಯಿಂದ ಚಪ್ಪಾಳೆ ತಟ್ಟುತ್ತಿದ್ದಳು. ಕೋಚ್ ಇನ್ನೂ ಬಂದಿರಲಿಲ್ಲ.

ಚಳಿ ಮುಗಿದು ಚೆರ್ರಿ ಮರಗಳು ಹೂಬಿಡುವ ಹೊತ್ತಿಗೆ ಬಂದರು. ನಾರ್ತ್ ಕ್ಯಾರೊಲಿನಾದಿಂದ, ರಾಲಿಯ ಕಡೆಯ ಒಂದು ಶಾಲೆಯಿಂದ. ಶಾಲೆಯ ಊಟದ ಕೋಣೆಯಲ್ಲಿ ಪರಿಚಯದ ಸಭೆ. ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು, ಕ್ಷೌರದ ಅಂಗಡಿಯವನು ಅಂಗಡಿ ಮುಚ್ಚಿ ಬಂದಿದ್ದ. ಇಷ್ಟು ದಿನ ಮಾತಿನಲ್ಲೇ ಬೆಳೆದು ಬೆಳೆದು ಛಾವಣಿ ಮುಟ್ಟಿದ್ದ ಆ ಮನುಷ್ಯ ನೋಡಿದರೆ ಗಿಡ್ಡ, ಕನ್ನಡಕ, ಮೆಲುದನಿ. ಎಷ್ಟು ಮೆಲುದನಿಯೆಂದರೆ ಕೇಳಿಸಿಕೊಳ್ಳಲು ಸಭೆಗೆ ಸಭೆಯೇ ಮುಂದೆ ಬಾಗಿತು. ನಾನು ಜನ ಬಾಗುವುದನ್ನು ನೋಡಿದ್ದೇನೆ, ಮಂಗಳಾರತಿಗೆ. ಒಬ್ಬರ ಮಾತು ಕೇಳಲು ಇಷ್ಟು ದೊಡ್ಡ ದೇಹದ ಗಂಡಸರೆಲ್ಲ ಉಸಿರು ಹಿಡಿದು ಬಾಗಿದ್ದನ್ನು ಅವತ್ತೇ ಕಂಡೆ. ಅವರು ಹೇಳಿದ್ದು ಇಷ್ಟೆ: ತಂಡದಲ್ಲಿ ಯಾವ ಜಾಗವೂ ಇನ್ನೂ ಯಾರದೂ ಅಲ್ಲ, ಶನಿವಾರ ಎಲ್ಲರನ್ನೂ ನೋಡುತ್ತೇನೆ. ಪಕ್ಕದಲ್ಲಿದ್ದ ಚಿರುವಿನ ಕಿವಿ ಮತ್ತೆ ಕೆಂಪಾಯಿತು.

ಶನಿವಾರ ತಂದೆತಾಯಿಯರು, ಲಿಂಡಾ, ಕ್ಷೌರದ ಅಂಗಡಿಯವನು, ಎಲ್ಲರೂ ಮೈದಾನದ ಬೇಲಿಗೆ ಆತುಕೊಂಡು ನಿಂತೆವು. ಒದೆಯುವ ಹುಡುಗ ದೂರದಲ್ಲಿ ಹೋಗಿ ನಿಂತ. ಚಿರು ಬಗ್ಗಿದ, ಎಸೆದ. ಅಂಥ ವೇಗವನ್ನು ಅವನಲ್ಲಿ ನಾನೂ ಕಂಡಿರಲಿಲ್ಲ. ಆದರೆ ಚೆಂಡು ಆ ಹುಡುಗನ ಮುಖದ ಎತ್ತರಕ್ಕೆ ಬಂತು, ಅವನು ತಲೆ ತಪ್ಪಿಸಿದ, ಅದು ಹಿಂದಿನ ಓಟದ ದಾರಿಗೆ ಹೋಗಿ ಬಿತ್ತು. ಎರಡನೆಯದೂ ಹಾಗೇ. ಮೂರನೆಯದನ್ನು ಆ ಹುಡುಗ ತಡಬಡಿಸಿ ಹಿಡಿದ, ಒದೆಯಲು ಆಗಲಿಲ್ಲ. ಬೇಲಿಯ ಬಳಿ ಯಾರೋ ನಾಲಿಗೆಯಲ್ಲಿ "ಚ್ಚ್" ಎಂದರು.

ಕೋಚ್ ಚಿರುವಿನ ಹತ್ತಿರ ಹೋಗಿ ಏನೋ ಕೇಳಿದರು. ಚಿರು ನೆಲ ನೋಡುತ್ತಾ, ಕೈ ಎತ್ತಿ, ನನ್ನನ್ನು ತೋರಿಸಿದ.

ಅವರು ನೇರ ನನ್ನ ಕಡೆಗೇ ನಡೆದು ಬಂದರು. ಊರಿಗೆ ಊರೇ ತಿಂಗಳುಗಟ್ಟಲೆ ಕಾದ ಮನುಷ್ಯ, ಬಂದು, ಬೇಲಿಯಾಚೆ ನನ್ನೆದುರು ನಿಂತರು. ಕ್ಷೌರದ ಅಂಗಡಿಯವನು ನನಗೆ ಜಾಗ ಬಿಟ್ಟು ಸರಿದ.

"ಚಳಿಗಾಲದಲ್ಲಿ ಇವನಿಗೆ ಹಿಡಿದುಕೊಟ್ಟವರು ನೀವಂತೆ, ಮ್ಯಾಮ್. ಹೇಗೆ ಹಿಡೀತೀರಿ, ಸ್ವಲ್ಪ ತೋರಿಸ್ತೀರಾ?"

ನಾನು ಕೈಚೀಲ ಲಿಂಡಾಗೆ ಕೊಟ್ಟು, ಎರಡೂ ಕೈಯನ್ನು ಹಣೆಯ ಮುಂದಕ್ಕೆ ಎತ್ತಿ, ಬೆರಳು ಬಿಡಿಸಿ ನಿಂತೆ. ಯಾರೋ ನಕ್ಕರು. ಕೋಚ್ ನಗಲಿಲ್ಲ. ನನ್ನ ಕೈಗಳನ್ನು ಬಹಳ ಗಮನವಿಟ್ಟು ನೋಡಿದರು, ಡಾಕ್ಟರು ನೋಡುವ ಹಾಗೆ. ಆಮೇಲೆ ತಿರುಗಿ, ದೂರದಲ್ಲಿ ನಿಂತ ಒದೆಯುವ ಹುಡುಗನನ್ನು ನೋಡಿದರು. ಅವನ ಕೈಗಳು ಸೊಂಟದ ಬೆಲ್ಟಿನ ಹತ್ತಿರ ಇದ್ದವು.

ಆಗ ನನಗೂ ಅರ್ಥವಾಯಿತು. ನನ್ನ ಮಗ ಗುರಿ ತಪ್ಪಿರಲಿಲ್ಲ. ಹಾಸನದ ಸಿಸ್ಟರ್ ಹೇಳಿದ್ದಲ್ಲಿಗೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ, ಹಾಕುತ್ತಿದ್ದ.

"ಒಳ್ಳೇ ಕೈಗಳು" ಅಂದರು ಕೋಚ್ ಅದೇ ಮೆಲುದನಿಯಲ್ಲಿ. ಬೇಲಿಗೆ ಬೇಲಿಯೇ ಬಾಗಿ ಕೇಳಿಸಿಕೊಂಡಿತು. "ವೇಗ ಅವನದು, ಮ್ಯಾಮ್. ಎತ್ತರ ನಿಮ್ಮದು. ನಿಮ್ಮದನ್ನ ಇಳಿಸಿ. ಆಗಸ್ಟ್‌ನಲ್ಲಿ ಮತ್ತೆ ನೋಡ್ತೀನಿ."

"ಯೆಸ್, ಕೋಚ್" ಎಂದೆ. ಎರಡೂ ಕೈ ತಾನಾಗಿ ಬೆನ್ನ ಹಿಂದೆ ಹೋಗಿ ಕಟ್ಟಿಕೊಂಡಿದ್ದವು. "ಯೆಸ್, ಸಿಸ್ಟರ್" ಎಂದು ಹೇಳುವಾಗ ಹೋಗುತ್ತಿದ್ದ ಹಾಗೆ.

ಎತ್ತಿದ ಕೈಯನ್ನು ಇಳಿಸುವುದು ಎಷ್ಟು ಕಷ್ಟವೆಂದು ಆ ಬೇಸಿಗೆಯಲ್ಲಿ ತಿಳಿಯಿತು. ಮನಸ್ಸು ಸೊಂಟದ ಹತ್ತಿರ ಇಡು ಎನ್ನುತ್ತದೆ, ಚೆಂಡು ಹೊರಟ ಕೂಡಲೇ ಕೈ ಹಣೆಗೇ ಏರುತ್ತದೆ. "ಅಮ್ಮಾ, ಹ್ಯಾಂಡ್ಸ್ ಡೌನ್!" ಎಂದು ಮಗ ತಲೆಕೆಳಗಾಗಿ ಕೂಗುತ್ತಿದ್ದ. "ಏಯ್ ಚಕ್, ನಿಮ್ಮಮ್ಮನ್ನ ಬೆಂಚಿಗೆ ಕೂರಿಸೋ!" ಎಂದು ಅಡುಗೆಮನೆಯ ಕಿಟಕಿಯಿಂದ ನಮ್ಮವರು. ಕಡೆಗೆ ಒಂದು ದಿನ ಅವರ ಹಳೆಯ ಬೆಲ್ಟನ್ನೇ ಸಲ್ವಾರಿನ ಮೇಲೆ ಬಿಗಿದುಕೊಂಡು, ಬೆರಳ ತುದಿ ಅದಕ್ಕೆ ತಾಕಿಸಿಕೊಂಡು ನಿಂತೆ. ಅಲ್ಲಿಂದ ಚೆಂಡು ಇಳಿಯತೊಡಗಿತು. ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ಎದೆಗೆ, ಆಗಸ್ಟ್ ಹೊತ್ತಿಗೆ ಬೆಲ್ಟಿಗೆ. ಕೋಚ್ ಮತ್ತೆ ನೋಡಿದರು. ಈ ಸಲ ಬೇಲಿಯ ಕಡೆಗೆ ಬರಲಿಲ್ಲ. ಚಿರುವಿನ ಹೆಲ್ಮೆಟ್ಟಿನ ಮೇಲೆ ಒಮ್ಮೆ ತಟ್ಟಿ ಮುಂದಿನ ಹುಡುಗನ ಹತ್ತಿರ ಹೋದರು. ಚಕ್ ಉಳಿದ.

ಮೊದಲ ಪಂದ್ಯದ ಶುಕ್ರವಾರ ಬೆಂಚುಗಳು ತುಂಬಿ ತುಳುಕುತ್ತಿದ್ದವು. ಹೊಸ ಕೋಚ್ ಏನೋ ಪವಾಡ ಮಾಡುತ್ತಾರೆ, ನಮ್ಮನ್ನು ಎಲ್ಲಿಗೋ ಎತ್ತುತ್ತಾರೆ ಎಂದು ಊರು ಕಣ್ಣರಳಿಸಿ ಕೂತಿತ್ತು. ನನ್ನ ಮಟ್ಟಿಗೆ ಅವರು ಮಾಡಿದ ಪವಾಡ ಬೇರೆಯೇ. ಬಂದವರೇ ನನ್ನ ಎರಡು ಕೈಗಳನ್ನು ಇಳಿಸಿದ್ದರು.

ಮೂರೋ ನಾಲ್ಕೋ ಸಲ ಎಲ್ಲರೂ ಯಾರ ಮೇಲೋ ಬಿದ್ದರು. ಆಮೇಲೆ ಚಿರು ಓಡಿ ಬಂದು ಬಗ್ಗಿದ. ಚೆಂಡು ಹೋಯಿತು, ಒದೆಯುವವನ ಬೆಲ್ಟಿನ ಹತ್ತಿರ ಸದ್ದಿಲ್ಲದೆ ಸಿಕ್ಕಿತು, ದೂರ ಹಾರಿತು. ಜನ ಚೆಂಡು ಹಾರಿದ್ದನ್ನು ನೋಡಿದರು, ಒದ್ದವನಿಗೆ ಚಪ್ಪಾಳೆ ತಟ್ಟಿದರು. ನನ್ನ ಮಗನನ್ನು ಯಾರೂ ನೋಡಲಿಲ್ಲ. ಯಾರೂ ನೋಡದಿದ್ದರೆ ಅವನ ಕೆಲಸ ಚೆನ್ನಾಗಿ ಆಯಿತೆಂದೇ ಅರ್ಥ. ನಾನು ಉಸಿರು ಬಿಟ್ಟೆ.

ಲಿಂಡಾ ನನ್ನ ಮಡಿಲ ಕಡೆ ನೋಡುತ್ತಿದ್ದಳು. ಅಲ್ಲಿ ನನ್ನ ಎರಡೂ ಕೈಗಳು ಸೊಂಟದ ಹತ್ತಿರ, ಬೆರಳು ಬಿಡಿಸಿಕೊಂಡು, ಅಂಗೈ ಮೇಲಾಗಿ ಕಾಯುತ್ತಿದ್ದವು.

"ಪ್ರಾರ್ಥನೆ ಮಾಡ್ತಿದ್ದೀಯಾ?" ಎಂದು ಪಿಸುಗುಟ್ಟಿದಳು.

"ಇಲ್ಲ, ಹಿಡಿದೆ" ಎಂದೆ.