ಟೈಪಿಂಗ್ ಮಾಸ್ತರರ ಟ್ಯಾಂಕು

ಶಿರಸಿಯ ನಮ್ಮ ಓಣಿಯಲ್ಲಿದ್ದ ಟೈಪಿಂಗ್ ಮಾಸ್ತರರು ಕೈ ತೊಳೆಯದೆ ತಮ್ಮ ಗಾಜಿನ ಕಪಾಟು ಮುಟ್ಟುತ್ತಿರಲಿಲ್ಲ. ಅದರೊಳಗೆ ಅವರೇ ಬಿಡಿಭಾಗ ಅಂಟಿಸಿ, ಬಣ್ಣ ಹಚ್ಚಿ ಮಾಡಿದ ಅಂಗೈಯಗಲದ ಯುದ್ಧವಿಮಾನಗಳು, ಟ್ಯಾಂಕುಗಳು. ನಮ್ಮ ಸೈನ್ಯದವೂ ಇದ್ದವು, ವೈರಿಗಳವೂ ಇದ್ದವು. ಯಾರಾದರೂ ಬೆರಳು ಚಾಚಿದರೆ ಸಾಕು, "ಆಟದ ಸಾಮಾನು ಅಲ್ದೋ ತಮಾ" ಎನ್ನುತ್ತಿದ್ದರು. ಮಕ್ಕಳಿಲ್ಲದ ಮನುಷ್ಯ. "ಆನು ಹೋದ್ಮೇಲೆ ಇದೆಲ್ಲ ನಿಂಗಳದ್ದೇಯ" ಎಂದು ಓಣಿಯ ಗಣಪತಿ ಸಮಿತಿಯ ಪಡ್ಡೆ ಹುಡುಗರಿಗೆ ಹೇಳಿಟ್ಟಿದ್ದರು; ತಮ್ಮ ಕಾಲದ ನಂತರ ಕಪಾಟು ಅವರ ಪಾಲಿಗೆ.

ಗಡಿಯಲ್ಲಿ ಯುದ್ಧ ನಡೆದ ವರ್ಷ ಚೌತಿಯ ಮಂಟಪದಲ್ಲಿ ರಣರಂಗದ ದೃಶ್ಯ ಮಾಡಲು ಆ ಹುಡುಗರು ಅವನ್ನು ಕೇಳಿದರು. ಮಾಸ್ತರರು ತಾವೇ ತಂದು ಥರ್ಮೋಕೋಲಿನ ಗುಡ್ಡದ ಮೇಲೆ ಒಂದೊಂದನ್ನೂ ಜೋಡಿಸಿದರು. ಗಣಪತಿ ಮುಳುಗಿಸುವ ದಿನ ಹುಡುಗರು ವೈರಿಯ ಟ್ಯಾಂಕಿನಡಿ ಪಟಾಕಿಯಿಟ್ಟು ಸಿಡಿಸಿದರು. ಜನ ಜೈಕಾರ ಹಾಕಿದರು! ಮಂಗಳಾರತಿಗೆ ಬಂದ ಹಿರಿಯರೂ ಚಪ್ಪಾಳೆ ತಟ್ಟಿದರು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಇನ್ನೊಬ್ಬರ ಕೈಕೆಲಸ ಸುಡುವುದು ಯಾವ ಸೀಮೆಯ ದೇಶಭಕ್ತಿ?

ಕರಗಿ ಸೊಟ್ಟಗಾದ ಟ್ಯಾಂಕನ್ನು ಮಾಸ್ತರರು ಟವೆಲ್ಲಿನಲ್ಲಿ ಸುತ್ತಿಕೊಂಡರು. "ವೈರಿ ಟ್ಯಾಂಕ್ ಅಲ್ದಾ ಮಾಸ್ತರೇ, ಎಂತಕ್ಕೆ ಬೇಜಾರು?" ಎಂದ ಒಬ್ಬ ಹುಡುಗ.

"ಅದನ್ನೂ ಆನೇ ಮಾಡಿದ್ದು" ಎಂದರು ಮಾಸ್ತರರು, ಅಷ್ಟೇ.

ಮರುವರ್ಷ ನಾಚಿಕೆಯಿಲ್ಲದೆ ಅದೇ ಹುಡುಗರು ಮತ್ತೆ ಬಂದರು. "ಈ ಸಲ ಬರೀ ನಮ್ಮ ವಿಮಾನ ಕೊಟ್ರೆ ಸಾಕು ಮಾಸ್ತರೇ" ಎಂದರು. ಮಾಸ್ತರರು ಎಂದಿನಂತೆ ಕೈ ತೊಳೆದು ಬಂದು ಕಪಾಟು ತೆಗೆದರು. ಸುಟ್ಟ ಟ್ಯಾಂಕನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದರು.

"ತಗಳಿ. ನಿಂಗಳ ಪಾಲು ಇಷ್ಟೇಯ."